ಹಿತ್ತಲಿನ ದೋಣಿ ಮೋಟಾರು

ಚಳಿಗಾಲದ ಬೆಳಿಗ್ಗೆ ನಾನು ಒಂದೇ ಕರೆಗೆ ಏಳುವ ಮನುಷ್ಯನಲ್ಲ. ಅಲಾರಂ ಬಡಿದುಕೊಂಡಾಗ ಒಮ್ಮೆ ಕೆಮ್ಮುತ್ತೇನೆ, ಮಗ್ಗುಲು ಬದಲಿಸುತ್ತೇನೆ, ಮತ್ತೆ ತಣ್ಣಗಾಗುತ್ತೇನೆ. ಹೆಂಡತಿ ಹೊದಿಕೆ ಎಳೆದು, ಫ್ಯಾನು ಹಾಕಿ, ಕೊನೆಗೆ ಕಾಫಿಯ ಲೋಟವನ್ನು ಮೂಗಿನ ಹತ್ತಿರ ತಂದ ಮೇಲೆ ಎದ್ದು ಕೂರುತ್ತೇನೆ. ಮಾತು ಹೊರಡುವುದು ಅದಕ್ಕೂ ಎಷ್ಟೋ ಹೊತ್ತಿನ ಮೇಲೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ನಾನು ಏನು ಹೇಳುತ್ತಿದ್ದೆನೆಂಬುದು ಹುಡುಗರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಾಗಾಗಿ ಚಳಿಯಲ್ಲಿ ಸ್ಟಾರ್ಟ್ ಆಗದ ಯಂತ್ರಗಳನ್ನು ಕಂಡರೆ ನನಗೆ ಸಿಟ್ಟು ಬರುವುದಿಲ್ಲ. ನಮ್ಮವರೇ ಅನ್ನಿಸುತ್ತದೆ.

ಈಗ ಹೇಳಹೊರಟಿರುವುದು ಸ್ಕೂಟರಿನ ಕಥೆಯೂ ಅಲ್ಲ, ಕಾರಿನದೂ ಅಲ್ಲ; ದೋಣಿಯ ಮೋಟಾರಿನದು. ಅದು ಇರುವುದು ಬಸವನಗುಡಿಯಲ್ಲಿ, ನನ್ನ ಅಕ್ಕನ ಮನೆಯ ಹಿತ್ತಲಿನಲ್ಲಿ, ಕರಿಬೇವಿನ ಗಿಡಕ್ಕೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ. ಬಸವನಗುಡಿಯಲ್ಲಿ ನದಿಯಿಲ್ಲ, ಸಮುದ್ರವಿಲ್ಲ. ಇರುವ ನೀರು ದಿನ ಬಿಟ್ಟು ದಿನ ನಲ್ಲಿಯಲ್ಲಿ ಬಂದು ನೆಲದ ಸಂಪಿನೊಳಕ್ಕೆ ಇಳಿಯುತ್ತದೆ. ಅಂಥ ಕಡೆ ದೋಣಿಯ ಮೋಟಾರು ಯಾಕೆ ಎಂದು ನೀವು ಕೇಳುವುದು ಸಹಜ. ನನ್ನ ಅಕ್ಕ ವಿಮಲಾ ಅದನ್ನು ಹತ್ತು ಹನ್ನೆರಡು ವರ್ಷಗಳಿಂದ ಕೇಳುತ್ತಲೇ ಇದ್ದಳು.

ಉತ್ತರ ಕೊಡಬೇಕಾದವರು ನಮ್ಮ ನಾಗರಾಜ ಭಾವ. ಸರ್ಕಾರಿ ಎಂಜಿನಿಯರಾಗಿದ್ದರು. ಜಲಾಶಯಗಳಲ್ಲಿ ಎಷ್ಟು ಹೂಳು ತುಂಬಿದೆಯೆಂದು ಅಳೆಯುವುದು ಅವರ ಕೆಲಸ. ದೋಣಿಗೆ ಮೋಟಾರು ಹಾಕಿಕೊಂಡು ಈ ದಡದಿಂದ ಆ ದಡಕ್ಕೆ ಗೆರೆ ಎಳೆದ ಹಾಗೆ ಹೋಗಬೇಕು, ಅಲ್ಲಲ್ಲಿ ನಿಂತು ಆಳ ನೋಡಬೇಕು. ತಿಂಗಳಿನ ಅರ್ಧದಷ್ಟು ದಿನ ಟೂರಿನಲ್ಲೇ ಇರುತ್ತಿದ್ದರು. ಅವರು ನಿವೃತ್ತರಾಗುವ ಹೊತ್ತಿಗೆ ಆಫೀಸಿಗೆ ಹೊಸ ಮೋಟಾರುಗಳು ಬಂದು, ಹಳೆಯದನ್ನು ಹರಾಜಿಗೆ ಇಟ್ಟರು. ಅವರ ಜೊತೆಯವರೆಲ್ಲ ನಿವೃತ್ತಿಯ ಹಣದಲ್ಲಿ ಸೈಟು ಕೊಂಡರೆ, ಭಾವ ಈ ಮೋಟಾರು ಕೊಂಡರು. ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ತಂದಾಗ ಅಕ್ಕ ಬಾಗಿಲಲ್ಲಿ ನಿಂತು, "ಇದಕ್ಕೂ ಆರತಿ ಎತ್ಬೇಕಾ?" ಎಂದು ಕೇಳಿದಳು.

ನೋಡದವರಿಗಾಗಿ ಹೇಳುತ್ತೇನೆ. ದೋಣಿಯ ಹಿಂಭಾಗಕ್ಕೆ ಹೊರಗಿನಿಂದ ತಗುಲಿಸುವ ಮೋಟಾರು ಅದು. ಮೇಲೆ ಪ್ರೆಶರ್ ಕುಕ್ಕರಿನಂಥ ತಲೆ, ಕೆಳಗೆ ಉದ್ದನೆಯ ಒಂಟಿ ಕಾಲು, ಕಾಲಿನ ತುದಿಯಲ್ಲಿ ನೀರನ್ನು ತಳ್ಳುವ ರೆಕ್ಕೆ. ಕಾಲು ನೀರಿಗೆ ಇಳಿದಿರದಿದ್ದರೆ ಅದನ್ನು ಓಡಿಸಕೂಡದು, ಬಿಸಿ ಏರಿ ಸುಟ್ಟುಹೋಗುತ್ತದೆ. ಹಾಗೆಂದು ಓಡಿಸದೆ ಇಟ್ಟರೆ ಒಳಗೆ ಪೆಟ್ರೋಲು ಜಿಗುಟಾಗಿ ಕಟ್ಟಿಕೊಳ್ಳುತ್ತದೆ. ಇದಕ್ಕಾಗಿ ಭಾವ ಒಂದು ಮರದ ಚೌಕಟ್ಟು ಮಾಡಿಸಿ, ಮೋಟಾರನ್ನು ಅದಕ್ಕೆ ಬಿಗಿದು, ಕಾಲನ್ನು ನೀಲಿ ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ, ಭಾನುವಾರ ಬೆಳಿಗ್ಗೆ ಓಡಿಸುತ್ತಿದ್ದರು. ಡ್ರಮ್ಮಿನ ನೀರು ಹುಚ್ಚೆದ್ದು ಕುಣಿಯುತ್ತಿತ್ತು. ನೀಲಿ ಹೊಗೆ ಕಾಂಪೌಂಡು ದಾಟಿ ಪಕ್ಕದ ಮನೆಯ ಶಾರದಮ್ಮನವರ ಸಂಡಿಗೆಯ ಮೇಲೆ ಇಳಿಯುತ್ತಿತ್ತು. "ವಿಮಲಾ, ನಿಮ್ಮನೆಯವರ ದೋಣಿ ಯಾವಾಗಮ್ಮ ದಡ ಸೇರೋದು?" ಎಂದು ಆಕೆ ಗೋಡೆಯಾಚೆಯಿಂದ ಕೂಗುತ್ತಿದ್ದರು. ವರ್ಷಕ್ಕೆ ಒಂದೆರಡು ಸಲ ಭಾವ ಮೋಟಾರನ್ನು ವ್ಯಾನಿನಲ್ಲಿ ಹಾಕಿಕೊಂಡು ಮೈಸೂರಿನ ಕಡೆಯ ಒಂದು ಹಿನ್ನೀರಿಗೆ ಹೋಗಿಬರುತ್ತಿದ್ದರು. ಅಲ್ಲಿ ಅವರ ಹಳೆಯ ಸ್ನೇಹಿತ ಚಿಕ್ಕೇಗೌಡರು ಒಂದು ಸಣ್ಣ ದೋಣಿ ಇಟ್ಟುಕೊಂಡಿದ್ದರು. ಅಕ್ಕನನ್ನು ಭಾವ ಒಮ್ಮೆಯೂ ಬಾ ಎಂದು ಕರೆದಿರಲಿಲ್ಲ. ಅವಳೂ ಬರುತ್ತೇನೆ ಎಂದಿರಲಿಲ್ಲ. ಮೊದಲು ಅದು ಆಫೀಸಿನ ಕೆಲಸವಾಗಿತ್ತು, ಆಮೇಲೆ ರೂಢಿಯಾಯಿತು.

ಸ್ಟಾರ್ಟ್ ಎಂಬ ಮಾತಿಗೆ ನಮ್ಮಲ್ಲಿ ಸರಿಯಾದ ಪದವಿಲ್ಲವೆಂದು ನನಗೆ ಬಹಳ ದಿನದಿಂದ ಅನ್ನಿಸಿದೆ. 'ಚಾಲನೆ ನೀಡುವುದು' ಮಂತ್ರಿಗಳಿಗೆ ಮೀಸಲು. 'ಶುರು' ನಮ್ಮದಲ್ಲ, ದೂರದಿಂದ ಬಂದು ಮನೆಯವನೇ ಆಗಿರುವ ಅಳಿಯ. ಇನ್ನು 'ಆರಂಭ'. ಹಳ್ಳಿಯ ಕಡೆ ಹಿರಿಯರು ಆರಂಭ ಎಂದರೆ ಬೇಸಾಯ ಎಂದೇ ತಿಳಿಯುತ್ತಾರೆ, ಆರಂಭಗಾರ ಎಂದರೆ ಉಳುವವನು. ನೆಲವನ್ನು ಪ್ರತಿ ವರ್ಷ ಮೊದಲಿನಿಂದ ಹದ ಮಾಡಬೇಕಾದವನಿಗೆ ಆ ಹೆಸರು ಬಂದದ್ದು ನ್ಯಾಯವಾಗಿಯೇ ಇದೆ. ಈ ಮಾತನ್ನು ಒಮ್ಮೆ ಭಾವನಿಗೆ ವಿವರವಾಗಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಆ ಸ್ಪ್ಯಾನರ್ ಕೊಡು" ಎಂದರು.

ಹೋದ ದಸರೆ ಮುಗಿದ ಮೇಲೆ ಭಾವನಿಗೆ ಹೃದಯದ ಆಪರೇಷನ್ ಆಯಿತು. ಎಲ್ಲವೂ ಸರಿಯಾಗಿಯೇ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು, ಎದೆಯ ಮೂಳೆ ಕೂಡಿಕೊಳ್ಳುವವರೆಗೆ ಏನನ್ನೂ ಎತ್ತಕೂಡದು, ತಳ್ಳಕೂಡದು, ಎಳೆಯಕೂಡದು ಎಂದರು. ಭಾವ ಮೆಲ್ಲಗೆ ದೋಣಿ ಮೋಟಾರಿನ ಹಗ್ಗದ ವಿಚಾರ ತೆಗೆದರು. ಹಗ್ಗವನ್ನು ಹೇಗೆ ಎಳೆಯಬೇಕೆಂದು ಕೈಯಾಡಿಸಿ ತೋರಿಸಲು ಹೋದಾಗ ಡಾಕ್ಟರು ಅವರ ಕೈ ಹಿಡಿದು, "ಅದೊಂದನ್ನ ಇನ್ನು ಮರೆತುಬಿಡಿ ಸಾರ್" ಎಂದರು.

ಭಾವ ಅದೊಂದನ್ನು ಬಿಟ್ಟು ಬೇರೆಲ್ಲವನ್ನೂ ಮರೆತ ಹಾಗೆ ಆಗಿಬಿಟ್ಟರು. ಪೇಪರು ಮಡಿಕೆ ಬಿಚ್ಚದೆ ಬಿದ್ದಿರುತ್ತಿತ್ತು. ಮಲ್ಲೇಶ್ವರದಲ್ಲಿರುವ ಮಗಳು ದಿನವೂ ಬಂದು ಮಾತಾಡಿಸುತ್ತಿದ್ದಳು. "ಹೂಂ", "ಬೇಡ", "ಸಾಕು" – ಈ ಮೂರೇ ಉತ್ತರ. ಹಿತ್ತಲಿನ ಬಾಗಿಲ ಬಳಿ ಬೆತ್ತದ ಕುರ್ಚಿ ಹಾಕಿಸಿಕೊಂಡು, ಶಾಲು ಹೊದ್ದು, ಮೋಟಾರಿನ ಕಡೆ ಮುಖ ಮಾಡಿ ಕೂರುವುದು. ನಾನು ಚಾಮರಾಜಪೇಟೆಯಿಂದ ನಡೆದು ಬಂದು ಪಕ್ಕದಲ್ಲಿ ಕೂರುತ್ತಿದ್ದೆ. ಒಂದು ದಿನ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಪಿಸುದನಿಯಲ್ಲಿ, "ಇವರು ಹೀಗೇ ಇದ್ರೆ ನನಗೆ ಭಯ ಆಗುತ್ತೆ ಕಣೋ ಶ್ರೀಧರ. ಆಪರೇಷನ್ ಆದಾಗ್ಲೂ ಇಷ್ಟು ಭಯ ಆಗಿರ್ಲಿಲ್ಲ" ಎಂದಳು. ಅವಳ ಕಣ್ಣು ತುಂಬಿತ್ತು.

ಏನಾದರೂ ಮಾಡಬೇಕೆಂದು ಅನ್ನಿಸಿತು. ಆ ಮೋಟಾರಿನ ಸದ್ದನ್ನಾದರೂ ಕೇಳಿಸೋಣವೆಂದು ಮರುದಿನ ಬೆಳಿಗ್ಗೆ ಪಂಚೆ ಎತ್ತಿಕಟ್ಟಿ ಡ್ರಮ್ಮಿನ ಮುಂದೆ ನಿಂತೆ. ಭಾವ ಮಾಡುವುದನ್ನು ನೂರು ಸಲ ನೋಡಿದ್ದೆನಲ್ಲ, ಹಗ್ಗ ಹಿಡಿದು ಎಳೆಯುವುದು ತಾನೇ! ಎಳೆದೆ. ಅದು ಸುಮ್ಮನೆ 'ಗರ್' ಎಂದಿತು. ಮತ್ತೆ ಎಳೆದೆ. ಡಿಸೆಂಬರಿನ ಚಳಿಯಲ್ಲೂ ಬೆವರು ಬಂತು. ಕೊನೆಗೆ ಕಾಲೂರಿ, ಹಲ್ಲು ಕಚ್ಚಿ, ತೇರಿನ ಹಗ್ಗ ಎಳೆಯುವವನ ಹಾಗೆ ಜಗ್ಗಿದೆ. ಹಗ್ಗ ಫಟ್ಟನೆ ಕಿತ್ತು ಬಂತು. ನಾನು ಹಿಂದಕ್ಕೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ, ಕೈಯಲ್ಲಿ ಹಿಡಿ ಮಾತ್ರ ಉಳಿದಿತ್ತು.

"ಅಯ್ಯೋ, ಹಾಗಲ್ವೋ ಎಳೆಯೋದು!" ಎಂದು ಯಾರೋ ಕೂಗಿದರು.

ಭಾವ ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. ಶಾಲು ಕೆಳಗೆ ಬಿದ್ದಿತ್ತು. ಅಡುಗೆಮನೆಯಿಂದ ಅಕ್ಕ ಸೌಟು ಹಿಡಿದುಕೊಂಡೇ ಓಡಿಬಂದಳು. ಅವಳು ನನ್ನನ್ನು ನೋಡಲಿಲ್ಲ, ನನ್ನ ಸೊಂಟ ಏನಾಯಿತೆಂದು ಕೇಳಲಿಲ್ಲ. ಗಂಡನ ಮುಖವನ್ನೇ ನೋಡುತ್ತ ನಿಂತಳು. ಎಷ್ಟೋ ವಾರಗಳ ಮೇಲೆ ಅವರ ಬಾಯಿಂದ ಒಂದು ಪೂರ್ತಿ ವಾಕ್ಯ ಬಂದಿತ್ತು.

"ಹಾಗಾದ್ರೆ ಹೇಗೆ ಎಳೀಬೇಕು? ಹೇಳಿ, ನಾನು ಎಳೀತೀನಿ" ಎಂದಳು.

ಭಾವ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನೀನಾ?"

"ಯಾಕೆ, ನನಗೇನು ಆಪರೇಷನ್ ಆಗಿದೆಯಾ?"

ಅವತ್ತೇ ಹಗ್ಗ ತರಲು ನನ್ನನ್ನು ಮಾಮೂಲ್‌ಪೇಟೆಗೆ ಕಳಿಸಿದರು. ಅಂಗಡಿಯವನು ನೈಲಾನ್ ಹಗ್ಗ ಅಳೆಯುತ್ತ, "ಏನಕ್ಕೆ ಸಾರ್, ಬಾವಿಗಾ?" ಎಂದ. "ಇಲ್ಲಪ್ಪ, ದೋಣಿ ಮೋಟಾರಿಗೆ" ಎಂದೆ. "ಯಾವೂರು ಸಾರ್?" ಎಂದ. "ಬಸವನಗುಡಿ" ಎಂದೆ. ಅವನು ಹಗ್ಗ ಕತ್ತರಿಸುವುದನ್ನು ನಿಲ್ಲಿಸಿ, ಈ ಗಿರಾಕಿಯ ಕೈಗೆ ಹಗ್ಗ ಕೊಡಬಹುದೋ ಇಲ್ಲವೋ ಎಂಬ ಹಾಗೆ ನನ್ನನ್ನು ಒಂದು ಕ್ಷಣ ನೋಡಿದ.

ಮರುದಿನದಿಂದ ಪಾಠ ಶುರುವಾಯಿತು. ಅಕ್ಕ ಸ್ವೆಟರ್ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಭಾವ ಕುರ್ಚಿಯಲ್ಲಿ ಕೂತು ಹೇಳತೊಡಗಿದರು. ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲಿನ ತಿರುಪು ಸಡಿಲಿಸು, ಅದಕ್ಕೆ ಉಸಿರಾಡಲು ಬಿಡು. ಪೈಪಿನ ನಡುವೆ ರಬ್ಬರಿನ ಗುಂಡು ಇದೆಯಲ್ಲ, ಅದನ್ನು ಗಟ್ಟಿಯಾಗುವವರೆಗೆ ಒತ್ತು. ಗೇರು ನಡುವೆ ಇರಲಿ. ಈಗ ಚೋಕ್ ಎಳೆ. ತಣ್ಣಗಿರುವ ಇಂಜಿನ್ನಿಗೆ ಗಾಳಿ ಕಡಿಮೆ, ಪೆಟ್ರೋಲು ಜಾಸ್ತಿ ಬೇಕು. ಚೋಕ್ ಎಂದರೆ ಗಾಳಿಯ ಬಾಗಿಲನ್ನು ಮುಚ್ಚುವುದು. ಆಮೇಲೆ ಹಗ್ಗ. ಮೊದಲಿಗೇ ಜಗ್ಗಬಾರದು. ಮೆಲ್ಲಗೆ ಎಳೆಯುತ್ತ ಬಂದರೆ ಒಂದು ಕಡೆ ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ ಬಿಗಿಯಾಗುತ್ತದೆ. ಅಲ್ಲಿಂದ ಒಂದೇ ಸಲಕ್ಕೆ ಸರ್ರನೆ ಎಳೆ. ಬಿಡುವಾಗ ಕೈಬಿಡಬೇಡ, ಅದು ಒಳಗೆ ಸುತ್ತಿಕೊಳ್ಳುವವರೆಗೆ ಹಿಡಿದು, ಹಗ್ಗವನ್ನು ಮನೆಯವರೆಗೆ ಬಿಟ್ಟು ಬಾ.

ಕೇಳಲು ಸುಲಭ. ಅಕ್ಕ ಎಳೆದಳು, ಎಳೆದಳು. ಅದು ಕೆಮ್ಮಲೂ ಇಲ್ಲ. "ಬಿಗಿ ಸಿಗೋಕೆ ಮುಂಚೇನೇ ಎಳೀತಿದೀಯ!" ಎಂದು ಭಾವ ರೇಗಿದರು. "ಬಿಗಿ ಎಲ್ಲಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಸ್ವಲ್ಪ ಸಮಾಧಾನವಾಗಿ ಹೇಳ್ಬಾರ್ದಾ?" ಎಂದು ಅಕ್ಕ ತಿರುಗಿ ರೇಗಿದಳು. ಎದ್ದು ಬಂದು ಹಗ್ಗಕ್ಕೆ ಕೈ ಹಾಕಲು ಹೊರಟ ಭಾವನನ್ನು ನಾನು ಕುರ್ಚಿಗೆ ವಾಪಸ್ಸು ಕೂರಿಸಿದೆ. ಆ ಮನೆಯಲ್ಲಿ ಜಗಳದ ದನಿ ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಅದನ್ನು ಮುಖದಲ್ಲಿ ತೋರಿಸದಿರುವುದೇ ಕಷ್ಟವಾಯಿತು.

ಹೀಗೆ ದಿನವೂ ನಡೆಯಿತು. ಒಂದೊಂದು ದಿನ ಚೋಕ್ ಜಾಸ್ತಿಯಾಗಿ ಪೆಟ್ರೋಲು ಒಳಗೆಲ್ಲ ತುಂಬಿಬಿಡುತ್ತಿತ್ತು. ಆಗ ಯಾರು ಎಷ್ಟು ಎಳೆದರೂ ಪ್ರಯೋಜನವಿಲ್ಲ. ಚೋಕ್ ಹಿಂದಕ್ಕೆ ತಳ್ಳಿ, ಸುಮ್ಮನೆ ಕಾಯಬೇಕು. ಅಕ್ಕ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದಳು, ಭಾವ ಕುರ್ಚಿಯಲ್ಲಿ. ಬೇರೆ ಕೆಲಸವಿಲ್ಲದ್ದರಿಂದ ಏನಾದರೂ ಮಾತು ಬರುತ್ತಿತ್ತು. ಅಂಥದೇ ಒಂದು ಹೊತ್ತಿನಲ್ಲಿ ಭಾವ ಡ್ರಮ್ಮಿನ ನೀರನ್ನು ನೋಡುತ್ತ, "ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋದಾಗ ತುಂಬ ಹೆದರಿದ್ದೆ ಕಣೆ" ಎಂದರು. ಅಕ್ಕ, "ಹೊರಗೆ ನಾನೂ ಹೆದರಿದ್ದೆ. ಹೇಳಿದ್ರೆ ನಿಮಗೆ ಇನ್ನೂ ಭಯ ಆಗುತ್ತೆ ಅಂತ ಸುಮ್ನಿದ್ದೆ" ಎಂದಳು. ನಾನು ಎದ್ದು, ಕರಿಬೇವಿನ ಗಿಡದಲ್ಲಿ ಹುಳ ಬಿದ್ದಿದೆಯೇ ಎಂದು ಬಹಳ ಆಸಕ್ತಿಯಿಂದ ನೋಡುತ್ತ ನಿಂತೆ.

ಕೊನೆಗೆ ಒಂದು ತೀರಾ ಚಳಿಯ ಬೆಳಿಗ್ಗೆ ಭಾವನಿಗೆ ಒಂದು ಹಳೆಯ ಉಪಾಯ ನೆನಪಾಯಿತು. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿಸಿ, ಪೆಟ್ರೋಲಿನ ಪಸೆ ಹೋಗುವವರೆಗೆ ಒರೆಸಿ ಒಣಗಿಸಿ, ಬಿಸಿ ಮಾಡಿಕೊಂಡು ಬಾ ಎಂದರು. ಅಕ್ಕ ಆಗ ತಾನೇ ದೋಸೆ ಹುಯ್ದು ಒಲೆ ಆರಿಸಿದ್ದಳು. ಪ್ಲಗ್ಗು ಇನ್ನೂ ಕಾದಿದ್ದ ಕಾವಲಿಯ ಮೇಲೆ ಕೂತು ಬಂತು. ಇಕ್ಕಳದಲ್ಲಿ ಹಿಡಿದು ತಂದು, ಬಟ್ಟೆಯಲ್ಲಿ ಸುತ್ತಿ ತಿರುಗಿಸಿ ಕೂರಿಸಿದಳು. ರಬ್ಬರ್ ಗುಂಡು ಒತ್ತಿದಳು, ಚೋಕ್ ಎಳೆದಳು. ಹಗ್ಗವನ್ನು ಮೆಲ್ಲಗೆ ತಂದು ಒಂದು ಕಡೆ ನಿಲ್ಲಿಸಿ, ಗಂಡನ ಕಡೆ ನೋಡಿದಳು. ಭಾವ ತಲೆ ಆಡಿಸಿದರು. ಎಳೆದಳು.

ಮೋಟಾರು ಒಮ್ಮೆ ಸೀನಿತು. ಎರಡನೆಯ ಸಲಕ್ಕೆ ಕೆಮ್ಮಿ, ತಡವರಿಸಿ, ಹಿತ್ತಲೆಲ್ಲ ನಡುಗುವ ಹಾಗೆ ಹಿಡಿದುಕೊಂಡಿತು. "ಚೋಕ್! ಚೋಕ್ ಒಳಗೆ ತಳ್ಳು!" ಎಂದು ಭಾವ ಕೂಗಿದರು. ಅಕ್ಕ ತಳ್ಳಿದಳು. ಮೋಟಾರಿನ ಪಕ್ಕದ ಸಣ್ಣ ತೂತಿನಿಂದ ನೀರಿನ ಎಳೆಯೊಂದು ಚಿಮ್ಮಿತು. ಅದು ಚಿಮ್ಮಿದರೆ ಒಳಗೆ ನೀರು ಓಡಾಡುತ್ತಿದೆ, ಬಿಸಿ ಏರುವ ಭಯವಿಲ್ಲವೆಂದು ಅರ್ಥ. ಭಾವ ಎದ್ದು ಬಂದು ಆ ನೀರಿಗೆ ಅಂಗೈ ಒಡ್ಡಿದರು. ಮೊದಲು ತಣ್ಣಗಿದ್ದದ್ದು ಸ್ವಲ್ಪ ಹೊತ್ತಿಗೆ ಬೆಚ್ಚಗಾಯಿತಂತೆ. ಅಕ್ಕನ ಕೈಯನ್ನೂ ಎಳೆದು ಅಲ್ಲಿ ಹಿಡಿದರು. ಅಷ್ಟರಲ್ಲಿ ಗೋಡೆಯ ಮೇಲೆ ಶಾರದಮ್ಮನವರ ತಲೆ ಕಾಣಿಸಿತು. ಸಂಡಿಗೆಯ ಜಗಳವೇ ಬಂತೆಂದುಕೊಂಡೆ. ಆಕೆ ಹೊಗೆಯ ನಡುವಿನಿಂದ, "ಶುರುವಾಯ್ತೇನ್ರೀ? ಇದರ ಗಲಾಟೆ ಇಲ್ದೆ ಭಾನುವಾರ ಯಾವುದು ಅಂತಾನೇ ಗೊತ್ತಾಗ್ತಿರ್ಲಿಲ್ಲ" ಎಂದರು. ಅವತ್ತು ಬುಧವಾರವಾಗಿತ್ತು, ಯಾರೂ ತಿದ್ದಲಿಲ್ಲ.

ಜನವರಿಯ ಕೊನೆಯಲ್ಲಿ ಡಾಕ್ಟರು ಹಿನ್ನೀರಿನ ಪ್ರಯಾಣಕ್ಕೆ ಒಪ್ಪಿಗೆ ಕೊಟ್ಟರು. ದೋಣಿಯಲ್ಲಿ ಸುಮ್ಮನೆ ಕೂರಬಹುದು, ಹಗ್ಗದ ತಂಟೆ ಬೇಡ ಎಂದರು. ಸ್ಟಾರ್ಟ್ ಮಾಡಿಕೊಟ್ಟು ತಾನು ದಡದಲ್ಲೇ ಉಳಿಯುವುದೆಂದು ಅಕ್ಕ ತಿಳಿದಿದ್ದಳು. ಆದರೆ ನಡುನೀರಿನಲ್ಲಿ ಮೋಟಾರು ನಿಂತರೆ ಎಳೆಯುವವರು ಯಾರು? ಈ ಪ್ರಶ್ನೆಯನ್ನು ಭಾವ ಹಿಂದಿನ ದಿನ ಊಟದ ಹೊತ್ತಿನಲ್ಲಿ, ಸಾರಿಗೆ ಉಪ್ಪು ಸಾಲದು ಎನ್ನುವ ದನಿಯಲ್ಲಿ ಎತ್ತಿದರು. "ಅಂದ್ರೆ ದೋಣೀಲಿ ನಾನೂ ಬರ್ಬೇಕಾ?" ಎಂದಳು ಅಕ್ಕ. "ಬಂದ್ರೆ ಒಳ್ಳೇದು" ಎಂದರು ಭಾವ. ಇಷ್ಟು ವರ್ಷಗಳಲ್ಲಿ ಇದೇ ಮೊದಲ ಆಹ್ವಾನ.

ಹಿನ್ನೀರಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಚಿಕ್ಕೇಗೌಡರೂ ನಾನೂ ಸೇರಿ ಮೋಟಾರನ್ನು ದೋಣಿಗೆ ಬಿಗಿದೆವು. ಇಬ್ಬರಿಗೂ ತೇಲುವ ಜಾಕೆಟ್ ತೊಡಿಸಿದೆವು. ನನ್ನನ್ನೂ ಕರೆದರು. ನೀರೆಂದರೆ ನನಗೆ ಸ್ನಾನದ್ದೇ ಭಯ, ದಡ ಕಾಯುತ್ತೇನೆ ಎಂದೆ. ಆ ಚಳಿಗೆ ಮೋಟಾರು ಬಹಳ ಸತಾಯಿಸಿತು. ಅಕ್ಕ ಮಾತ್ರ ಗಾಬರಿಯಾಗಲಿಲ್ಲ. ಎಳೆದಳು, ಕಾದಳು, ಚೋಕ್ ಅರ್ಧ ಮಾಡಿ ಮತ್ತೆ ಎಳೆದಳು. ಹಿಡಿದುಕೊಂಡಿತು. ಭಾವ ಹಿಂದೆ ಹಿಡಿಕೆ ಹಿಡಿದು ಕೂತರು. ದೋಣಿ ಮಂಜಿನೊಳಗೆ ನುಗ್ಗಿ ಮರೆಯಾಯಿತು. ಸದ್ದು ಮಾತ್ರ ದೂರದೂರಕ್ಕೆ ಹೋಗುತ್ತ ಕೇಳಿಸುತ್ತಿತ್ತು.

ಆಮೇಲೆ ಸದ್ದು ನಿಂತುಹೋಯಿತು.

ಕಿವಿಗೊಟ್ಟು ನಿಂತೆ. ಈಗ ಎಳೆಯುತ್ತಾಳೆ, ಈಗ ಹಿಡಿಯುತ್ತದೆ ಎಂದುಕೊಂಡೆ. ಏನೂ ಇಲ್ಲ. ಮಂಜು ಸ್ವಲ್ಪ ಸರಿದಾಗ ದೂರದಲ್ಲಿ ದೋಣಿ ಒಂದು ಚುಕ್ಕೆಯ ಹಾಗೆ ಅಲುಗದೆ ನಿಂತದ್ದು ಕಾಣಿಸಿತು. ಅಕ್ಕನಿಗೆ ಫೋನು ಮಾಡಿದೆ. ನೀರಿಗೆ ಬೀಳದಿರಲೆಂದು ಅವಳು ಕೊಟ್ಟುಹೋಗಿದ್ದ ಫೋನು ನನ್ನ ಹೆಗಲಿನ ಚೀಲದಲ್ಲೇ ಹೊಡೆದುಕೊಂಡಿತು. ಭಾವ ಅವಳ ಮಾತು ಕೇಳದೆ ಹಗ್ಗ ಎಳೆದರೇ? ಎದೆ ಹಿಡಿದುಕೊಂಡು ಕೂತಿದ್ದಾರೆಯೇ? ಚಿಕ್ಕೇಗೌಡರ ಹರಿಗೋಲು ಪಕ್ಕದಲ್ಲೇ ಕವುಚಿಕೊಂಡಿತ್ತು. ಅದನ್ನು ಮಗುಚಿ ನೀರಿಗೆ ತಳ್ಳಿದಾಗ ಮೊದಲು ಹತ್ತಿದವನು ನಾನೇ ಎಂದು ಅವರು ಈಗಲೂ ಹೇಳುತ್ತಾರೆ. ಹರಿಗೋಲು ಬುಗುರಿಯ ಹಾಗೆ ತಿರುಗುತ್ತಿತ್ತು. ನಾನು ಅಂಚನ್ನು ಎರಡೂ ಕೈಯಲ್ಲಿ ಹಿಡಿದು, "ಬೇಗ ಗೌಡ್ರೇ, ಬೇಗ" ಎನ್ನುತ್ತಿದ್ದೆ. "ಹೆದರ್ಕಬ್ಯಾಡಿ ಮೇಷ್ಟ್ರೆ, ಏನೂ ಆಗಿರಾಕಿಲ್ಲ" ಎನ್ನುತ್ತಿದ್ದರು ಅವರು. ಹುಟ್ಟು ಹಾಕುವ ವೇಗ ಮಾತ್ರ ಬೇರೆಯೇ ಹೇಳುತ್ತಿತ್ತು.

ಹತ್ತಿರ ಹೋಗಿ ನೋಡಿದರೆ ದೋಣಿಯಲ್ಲಿ ಇಬ್ಬರೂ ಎದುರುಬದುರು ಕೂತಿದ್ದರು. ನಡುವೆ ಡಬ್ಬಿ ತೆರೆದಿತ್ತು. ಅವರೆಕಾಳು ಉಪ್ಪಿಟ್ಟಿನ ಸೊಗಡು ನೀರಿನ ಮೇಲೆ ತೇಲಿ ಬಂತು. ಭಾವ ಒಂದು ಕೈಯಲ್ಲಿ ಚಮಚ ಹಿಡಿದು ಇನ್ನೊಂದು ಕೈ ಚಾಚಿ, ದೂರದ ಯಾವುದೋ ಬಂಡೆಯನ್ನು ತೋರಿಸುತ್ತ ಏನೋ ಹೇಳುತ್ತಿದ್ದರು. ಬಿರುಗಾಳಿ ಬಂದಾಗ ಆ ಬಂಡೆಗೆ ದೋಣಿ ಕಟ್ಟಿ ನೆನೆಯುತ್ತ ಕೂತಿದ್ದರಂತೆ. ಅಕ್ಕ ತುತ್ತು ಬಾಯಿಗಿಡುವುದನ್ನು ಮರೆತು ಕೇಳುತ್ತಿದ್ದಳು.

"ಮೋಟಾರು ಕೆಟ್ಟೋಯ್ತಾ ಭಾವ?" ನನಗೆ ಇನ್ನೂ ಏದುಸಿರು.

"ಇಲ್ಲಪ್ಪ, ಚೆನ್ನಾಗಿದೆ. ಇವಳು ಆರಿಸಿ ಅಂದ್ಲು, ಆರಿಸ್ದೆ."

ನಾನು ಅಕ್ಕನ ಕಡೆ ತಿರುಗಿದೆ. ಅವಳಿಗೆ ನಾನು ಬಂದದ್ದು ಅಷ್ಟೇನೂ ಹಿಡಿಸಿದಂತೆ ಕಾಣಲಿಲ್ಲ. "ಅದು ಓಡ್ತಾ ಇದ್ರೆ ಇವರು ಹೇಳೋದು ಒಂದೂ ಕೇಳ್ಸಲ್ಲ ಕಣೋ" ಎಂದಳು. "ಟೂರಿಂದ ಬಂದಾಗೆಲ್ಲ ಹೇಗಿತ್ತು ಅಂತ ಕೇಳಿದ್ರೆ, ಚೆನ್ನಾಗಿತ್ತು ಅನ್ನೋರು, ಅಷ್ಟೆ. ಈಗ ಹೇಳ್ತಿದಾರೆ."

ಏನಾದರೂ ತಿಳಿವಳಿಕೆಯ ಮಾತು ಆಡದೆ ಹಿಂದಿರುಗುವುದು ಮೇಷ್ಟರಾದವರಿಗೆ ಆಗುವುದಿಲ್ಲ. "ಜಾಸ್ತಿ ಹೊತ್ತು ನಿಲ್ಲಿಸ್ಬೇಡ ಅಕ್ಕ. ಮೋಟಾರು ಪೂರ್ತಿ ತಣ್ಣಗಾಗ್ಬಿಟ್ರೆ ಮತ್ತೆ ಮೊದಲಿಂದ ಕಷ್ಟಪಡ್ಬೇಕು" ಎಂದೆ.

"ಆಗ್ಲಿ ಬಿಡೋ" ಎಂದಳು ಅಕ್ಕ, ಡಬ್ಬಿಯಿಂದ ಗಂಡನಿಗೆ ಇನ್ನೊಂದಿಷ್ಟು ಬಡಿಸುತ್ತ. "ತಣ್ಣಗಾದ್ರೆ ಸ್ಟಾರ್ಟ್ ಮಾಡೋಕೆ ನನಗೆ ಬರುತ್ತಲ್ಲ."

ಚಿಕ್ಕೇಗೌಡರು ನನ್ನನ್ನು ಏನೂ ಕೇಳದೆ ಹರಿಗೋಲನ್ನು ದಡದ ಕಡೆ ತಿರುಗಿಸಿದರು.